ಉಲ್ಕಾಶಿಲೆಯ ಲೋಹದ ಕಣಗಳನ್ನು ಅಭ್ಯಾಸ ಮಾಡಲು ಮೈಕ್ರೋಪ್ರೋಬ್ ಸಾಕಾ, ಲೇಸರ್ ಬೇಕಾ?

ಎಲೆಕ್ಟ್ರಾನ್ ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ಮೈಕ್ರೋಪ್ರೋಬ್ ಆಗಲಿ, ಕಣವನ್ನು ಆವಿ ಮಾಡಿ ಅಳೆಯುವ ಲೇಸರ್ ಆಗಲಿ, ಯಂತ್ರದ ಮಾತು ಆಮೇಲೆ. ಈ ಪ್ರಶ್ನೆ ಕೇಳುವಾಗಲೇ, ಕಾಂಡ್ರೈಟ್‌ನ (ಕರಗಿ ಗಟ್ಟಿಯಾದ ಸಣ್ಣ ಗುಂಡುಗಳಿರುವ ಉಲ್ಕಾಶಿಲೆ) ಲೋಹದ ಕಣದಲ್ಲಿ ಸೌರ ನೀಹಾರಿಕೆಯ (ಸೂರ್ಯ, ಗ್ರಹಗಳು ಹುಟ್ಟಿದ ಅನಿಲ-ಧೂಳಿನ ಮೋಡ) ರಸಾಯನ ಹಾಗೇ ಉಳಿದಿದೆ ಅಂತ ನೀವು ಮೊದಲೇ ನಂಬಿಬಿಟ್ಟಿದ್ದೀರಿ. ನಾನೂ ಅದೇ ನಂಬಿಕೆಯಿಂದ ಪಿಎಚ್‌ಡಿ ಶುರು ಮಾಡಿದ್ದೆ. ಒಂದು ಅಧ್ಯಾಯ ಪೂರ್ತಿ ಕೈಬಿಡಬೇಕಾಯಿತು.

ನಾನು ನೋಡುತ್ತಿದ್ದದ್ದು ಕಾಂಡ್ರೂಲ್‌ಗಳ, ಅಂದರೆ ಆ ಗುಂಡುಗಳ, ಒಳಗಿನ ಕಬ್ಬಿಣ-ನಿಕ್ಕಲ್ ಕಣಗಳು. ಅವುಗಳಲ್ಲಿ ಕ್ರೋಮೈಟ್ ಮತ್ತು ಫಾಸ್ಫೇಟ್‌ನ ಸಣ್ಣ ಚುಕ್ಕೆಗಳಿದ್ದವು. ನೀಹಾರಿಕೆಯ ಅನಿಲ ತಣ್ಣಗಾಗುವಾಗ ಲೋಹದೊಳಗಿನ ಕ್ರೋಮಿಯಂ, ರಂಜಕಗಳ ಜೊತೆ ಆಮ್ಲಜನಕ ಸೇರಿ ಇವು ಹುಟ್ಟಿವೆ ಎಂದು ಬರೆದೆ. ಲೆಕ್ಕವೂ ಹೊಂದಿಕೊಂಡಿತು, ಹಾಗಾಗಿ ಅನುಮಾನವೇ ಬರಲಿಲ್ಲ.

ನಿಜವಾಗಿ ಆಗಿದ್ದು ಬೇರೆ. ಕಾಂಡ್ರೂಲ್ ಕರಗಿದ್ದಾಗ ಆಮ್ಲಜನಕ ಕಡಿಮೆಯಿದ್ದರೆ ಕ್ರೋಮಿಯಂ, ರಂಜಕ, ಸಿಲಿಕಾನ್ ಲೋಹದಲ್ಲೇ ಬೆರೆತಿರುತ್ತವೆ. ಬೇಗ ತಣ್ಣಗಾದರೆ ಅಲ್ಲೇ ಉಳಿಯುತ್ತವೆ. ಮುಂದೆ ಕ್ಷುದ್ರಗ್ರಹದೊಳಗೆ ವಿಕಿರಣಶೀಲ ಅಲ್ಯೂಮಿನಿಯಂ-26ರ ಶಾಖಕ್ಕೆ ಮತ್ತೆ ಕಾದಾಗ ಲೋಹದಿಂದ ಬೇರ್ಪಟ್ಟು ಆಮ್ಲಜನಕ ಹಿಡಿಯುತ್ತವೆ. ನನ್ನ ಚುಕ್ಕೆಗಳು ಹುಟ್ಟಿದ್ದು ಹೀಗೆ. ಉಲ್ಕಾಶಿಲೆ ಸಂಶೋಧಕಿ ಬ್ರಿಜಿಟ್ ಝಾಂಡಾ ಮತ್ತು ಸಂಗಡಿಗರು ಇದನ್ನು 1994ರಲ್ಲೇ ತೋರಿಸಿದ್ದರು. ನಾನು ಓದಿಯೂ ಇದ್ದೆ, ಆದರೆ ನನ್ನ ಶಿಲೆ ಅಷ್ಟು ಕಾದಿಲ್ಲ ಅಂದುಕೊಂಡಿದ್ದೆ. ಪಕ್ಕದ ಆಲಿವೀನ್ (ಕಬ್ಬಿಣ, ಮೆಗ್ನೀಸಿಯಂ ಇರುವ ಸಿಲಿಕೇಟ್ ಖನಿಜ) ಅಳೆದಿದ್ದರೆ ಸಾಕಿತ್ತು. ಬಿಸಿ ತಗುಲದ ಶಿಲೆಯ ಕಬ್ಬಿಣ ಜಾಸ್ತಿಯಿರುವ ಆಲಿವೀನ್‌ನಲ್ಲಿ ಕ್ರೋಮಿಯಂ ಆಕ್ಸೈಡ್ ಸರಾಸರಿ ಶೇ 0.5ರ ಆಸುಪಾಸು ಇರುತ್ತದೆ. ಸ್ವಲ್ಪ ಕಾದರೂ ಇಳಿಯುತ್ತದೆ. ಆಮೇಲೆ ಅಳೆದಾಗ ನನ್ನದರಲ್ಲಿ ಶೇ 0.1ಕ್ಕಿಂತ ಕಡಿಮೆ ಇತ್ತು. ಅದೇ ಮೈಕ್ರೋಪ್ರೋಬ್, ಅದೇ ತುಣುಕು! ಲೋಹ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ಆಲಿವೀನ್ ಯಾಕೆ ಅಳೆಯಲಿಲ್ಲ ಅನ್ನುವುದೇ ಮೌಖಿಕ ಪರೀಕ್ಷೆಯಲ್ಲಿ ಮೊದಲು ಬಂದ ಪ್ರಶ್ನೆ.

ಹಾಗಾಗಿ ಮೊದಲು ಆಲಿವೀನ್ ಅಳೆಯಿರಿ. ಸಂಖ್ಯೆ ಕಡಿಮೆ ಬಂದರೆ ಆ ಶಿಲೆಯನ್ನೇ ಬಿಡಿ. ಇಂದಿನ ಮಧ್ಯಪ್ರದೇಶದಲ್ಲಿ 1940ರಲ್ಲಿ ಬಿದ್ದ ಸೆಮರ್ಕೋನಾ ಕಾಂಡ್ರೈಟ್ ತುಂಬಾ ಕಡಿಮೆ ಕಾದದ್ದು, ಕಾದ ಮಟ್ಟ ಹೇಳುವ ಅಳತೆಯಲ್ಲಿ 3.00 ವರ್ಗದ್ದು. ಅದರಲ್ಲೂ ಕೆಲವು ಲೋಹದ ಕಣಗಳು ಆಮೇಲೆ ಮ್ಯಾಗ್ನೆಟೈಟ್ (ಕಬ್ಬಿಣದ ಆಕ್ಸೈಡ್), ಕಾರ್ಬೈಡ್ ಆಗಿ ಬದಲಾಗಿವೆ. ಒಂದೊಂದು ಕಣವನ್ನೂ ನೋಡಿಯೇ ಆರಿಸಿ.

ಅನಿಲದಿಂದ ನೇರವಾಗಿ ಘನವಾದ ಲೋಹವೇ ಬೇಕಾದರೆ ಹಮ್ಮಾದಾ ಅಲ್ ಹಮ್ರಾ 237 ಎಂಬ ಉಲ್ಕಾಶಿಲೆ ನೋಡಿ. ಅದರ ಕೆಲವು ಕಣಗಳಲ್ಲಿ ನಡುವೆ ನಿಕ್ಕಲ್ ಜಾಸ್ತಿ, ಅಂಚಿನತ್ತ ಕಡಿಮೆ; ಅನಿಲದಿಂದ ಘನವಾದದ್ದರ ಗುರುತು ಅದು. ಆದರೆ ಆ ಅನಿಲವೂ ನೀಹಾರಿಕೆಯದಲ್ಲ, ಎರಡು ಕಾಯಗಳು ಡಿಕ್ಕಿ ಹೊಡೆದಾಗ ಎದ್ದದ್ದು ಅಂತ ಹೆಚ್ಚಿನವರು ಒಪ್ಪುತ್ತಾರೆ. ಅಲ್ಲಿ ಇರಿಡಿಯಂ, ಪಲ್ಲಾಡಿಯಂನಂಥ ಅತಿ ಕಡಿಮೆ ಪ್ರಮಾಣದ ಧಾತುಗಳನ್ನು ಅಳೆಯಬೇಕು. ಅದಕ್ಕೆ ಲೇಸರ್ ಬೇಕೇ ಬೇಕು.