ಆಟೋಮ್ಯಾಟಿಕ್ ಕಾರಿಗೆ ನಾವೇ ಮ್ಯಾನ್ಯುವಲ್ ಗೇರ್‌ಬಾಕ್ಸ್ ಹಾಕಿಕೊಳ್ಳಬಹುದೇ?

ಹಾಕಬಹುದು. ಆದರೆ ಅದೇ ಮಾಡೆಲ್ ಅದೇ ಎಂಜಿನ್ನಿನ ಜೊತೆ ಮ್ಯಾನ್ಯುವಲ್‌ನಲ್ಲೂ ಬಂದಿದ್ದರೆ ಮಾತ್ರ ಕೈ ಹಾಕಿ. ಗುಜರಿಯಲ್ಲಿ ಅಂಥ ಇಡೀ ಕಾರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಬಿಡಿಬಿಡಿಯಾಗಿ ಕೊಳ್ಳಲು ಹೊರಟರೆ ಒಂದು ಸಣ್ಣ ಬ್ರಾಕೆಟ್‌ಗೂ ಅಲೆಯಬೇಕಾಗುತ್ತದೆ.

ಯಾಕೆಂದರೆ ಬದಲಾಗುವುದು ಗೇರ್‌ಬಾಕ್ಸ್ ಒಂದೇ ಅಲ್ಲ. ಮಾಮೂಲಿ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರ್ ಎಂಬ ಭಾಗ ಆಯಿಲ್ ಮೂಲಕ ದಾಟಿಸುತ್ತದೆ. ಅದನ್ನು ಎಂಜಿನ್‌ಗೆ ಜೋಡಿಸಲು ತೆಳು ತಟ್ಟೆ ಸಾಕು. ಮ್ಯಾನ್ಯುವಲ್‌ನ ಕ್ಲಚ್ ಹಾಗಲ್ಲ, ಅದು ಉಜ್ಜಿ ಹಿಡಿಯುತ್ತದೆ. ಅದಕ್ಕೆ ಫ್ಲೈವೀಲ್ ಎಂಬ ದಪ್ಪನೆಯ ಲೋಹದ ಚಕ್ರ ಬೇಕು. ಜೊತೆಗೆ ಕ್ಲಚ್ ಪೆಡಲ್, ಅದರ ಕೇಬಲ್ ಅಥವಾ ಸಿಲಿಂಡರ್, ಗೇರ್ ಲಿವರ್, ಗೇರ್‌ಬಾಕ್ಸ್ ಕೂರಿಸುವ ಮೌಂಟ್, ಎಷ್ಟೋ ಕಾರುಗಳಲ್ಲಿ ಚಕ್ರಗಳತ್ತ ಬಲ ಒಯ್ಯುವ ಡ್ರೈವ್‌ಶಾಫ್ಟ್ ಕೂಡ.

ನಟ್ಟು ಬೋಲ್ಟಿನ ಕೆಲಸ ಹೇಗೋ ಆಗುತ್ತದೆ. ಸತಾಯಿಸುವುದು ವೈರಿಂಗ್. ಆಟೋಮ್ಯಾಟಿಕ್ ಕಾರಿನ ವೈರಿಂಗ್‌ಗೆ, ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದೆ ಎಂಬ ಸಿಗ್ನಲ್ ಬರದಿದ್ದರೆ ಸ್ಟಾರ್ಟರ್ ತಿರುಗುವುದೇ ಇಲ್ಲ. ಹೊಸ ಕಾರುಗಳಲ್ಲಿ ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಇಲ್ಲದ ಗೇರ್‌ಬಾಕ್ಸನ್ನು ಹುಡುಕುತ್ತಾ ವಾರ್ನಿಂಗ್ ಲೈಟ್ ಹಚ್ಚುತ್ತದೆ. ಕೆಲವೊಮ್ಮೆ ಎಂಜಿನ್ನಿನ ಬಲವನ್ನೇ ತಗ್ಗಿಸುತ್ತದೆ. ಬಿಎಂಡಬ್ಲ್ಯೂ ಇ46ನಂಥ ಕಾರುಗಳಲ್ಲಿ ಲ್ಯಾಪ್‌ಟಾಪ್ ಜೋಡಿಸಿ 'ಇದು ಮ್ಯಾನ್ಯುವಲ್' ಎಂದು ಇಸಿಯುಗೆ ತಿಳಿಸಬಹುದು. ಹೊರದೇಶಗಳಲ್ಲಿ ಅವಕ್ಕೆ ಈ ಕೆಲಸ ಮಾಡುವವರು ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಎಲ್ಲ ಕಾರುಗಳೂ ಇಷ್ಟು ಸುಲಭವಾಗಿ ಒಪ್ಪುವುದಿಲ್ಲ.

ನಮ್ಮಲ್ಲಿ ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲೇ ಆರ್‌ಟಿಓದಲ್ಲೂ ವಿಮಾ ಕಂಪನಿಯಲ್ಲೂ ಕೇಳಿ. ಗೇರ್‌ಬಾಕ್ಸ್ ಇಳಿಸುವಾಗ ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.