ಫೋನ್ ಮಾಡಿದರೆ ಮನೆಗೆ ಯಾರು ಬರುತ್ತಾರೆ?

ಈ ಸಲ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಸಹಾಯವಾಣಿಯ ನಂಬರು ಬಹಳಷ್ಟು ಜನರಿಗೆ ಗೊತ್ತಿದೆ. ಬಸ್ಸಿನ ಹಿಂದೆ, ಅಂಗನವಾಡಿಯ ಗೋಡೆಯ ಮೇಲೆ ನೋಡಿದ್ದಾರೆ. ಫೋನ್ ಮಾಡಿದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಿಲ್ಲ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಕೊಡುತ್ತಿದ್ದೇನೆ. ಬರೆದವರ ಹೆಸರು, ಊರಿನ ಗುರುತು ತೆಗೆದಿದ್ದೇನೆ.

*

ಪ್ರಶ್ನೆ: ಅಕ್ಕಾ, ನಾವಿರುವುದು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ. ನಮ್ಮ ಯಜಮಾನರು ಅಲ್ಲೇ ರೈಟರ್, ಆಳುಗಳ ಹಾಜರಿ, ಲೆಕ್ಕ ಬರೆಯುವ ಕೆಲಸ. ಶನಿವಾರ ಬಟವಾಡೆ ಮುಗಿದ ಮೇಲೆ ಕುಡಿದು ಬರುತ್ತಾರೆ, ಆ ರಾತ್ರಿ ಹೊಡೆತ ತಪ್ಪುವುದಿಲ್ಲ. ಭಾನುವಾರ ಬೆಳಗ್ಗೆ ಅವರೇ ಅಳುತ್ತಾರೆ. 181 ಎಂಬ ನಂಬರು ಗೊತ್ತಿದೆ. ಮಾಡಿದರೆ ಪೊಲೀಸ್ ಜೀಪು ತೋಟದ ಕೆಲಸದವರ ಲೈನ್ ಮನೆಗಳ ಮುಂದೆ ಬಂದು ನಿಲ್ಲುತ್ತದೆಯೇ? ಅವರ ಕೆಲಸ ಹೋದರೆ ತೋಟದವರು ಕೊಟ್ಟ ಮನೆಯೂ ಹೋಗುತ್ತದೆ. ಮಕ್ಕಳಿಬ್ಬರೂ ಚಿಕ್ಕವರು. ಈಚೆಗೆ ನಿದ್ದೆ ಬರುತ್ತಿಲ್ಲ. ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದೇನೋ ಅನ್ನಿಸುತ್ತದೆ.

ಉತ್ತರ: ತಂಗಿ, ನೀವು ಕೊನೆಗೆ ಬರೆದ ಮಾತನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಸಾಯಬೇಕು ಎಂಬ ಯೋಚನೆ ಬರುತ್ತಿದೆಯೇ? ಬರುತ್ತಿದ್ದರೆ ಈ ಪತ್ರಿಕೆಯನ್ನು ಪೂರ್ತಿ ಓದುವುದಕ್ಕೂ ಕಾಯಬೇಡಿ, 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕಡಿತವಾಗುವುದಿಲ್ಲ. ಮೊದಲು ಭಾಷೆ ಕೇಳುತ್ತದೆ, ಕನ್ನಡವನ್ನು ಆರಿಸಿಕೊಂಡರೆ ಕನ್ನಡದಲ್ಲಿ ಮಾತನಾಡುವ ಆಪ್ತಸಮಾಲೋಚಕರು ಸಿಗುತ್ತಾರೆ. ನಿಮ್ಮ ಮಾತು ಕೇಳಿ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಅವರು ಕೇಸು ಹಾಕುವವರಲ್ಲ. ಈ ಗಳಿಗೆಯಲ್ಲೇ ಜೀವಕ್ಕೆ ಅಪಾಯ ಎಂದು ಕಂಡರೆ ಮಾತ್ರ ಹತ್ತಿರದಿಂದ ನೆರವು ಕಳಿಸಲು ನೋಡುತ್ತಾರೆ. ಅಂಥ ಹೊತ್ತಿನಲ್ಲಿ ಅದು ಬೇಕಾದದ್ದೇ. ಸಾಯಬೇಕು ಅನ್ನಿಸಿತು ಎಂದು ಹೇಳಿಕೊಳ್ಳುವುದು ಅಪರಾಧವಲ್ಲ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ.

ಇನ್ನು ಜೀಪಿನ ವಿಚಾರ. ಜೀಪು ಬರುವುದು 112ಕ್ಕೆ ಮಾಡಿದಾಗ. ಆ ಕರೆ ಪೊಲೀಸರ ತುರ್ತು ಸ್ಪಂದನೆಗೆ ಹೋಗುತ್ತದೆ, ನೀವು ಇರುವ ಜಾಗ ಹುಡುಕಿಕೊಂಡು ವಾಹನ ಬರುತ್ತದೆ. 181 ಮಹಿಳಾ ಸಹಾಯವಾಣಿ. ಅಲ್ಲಿ ಮೊದಲು ನಿಮ್ಮ ಪರಿಸ್ಥಿತಿ ಕೇಳುತ್ತಾರೆ, ನಿಮಗೆ ಏನು ಬೇಕು ಎಂದು ಕೇಳುತ್ತಾರೆ, ಆಮೇಲೆ ಜಿಲ್ಲೆಯಲ್ಲಿ ನೊಂದ ಹೆಂಗಸರಿಗಾಗಿ ಇರುವ ಸಖಿ ಕೇಂದ್ರಕ್ಕೋ ಬೇರೆ ಕಡೆಗೋ ಸಂಪರ್ಕ ಮಾಡಿಸುತ್ತಾರೆ. ಪೊಲೀಸರು ಬೇಡ, ಸಲಹೆ ಮಾತ್ರ ಬೇಕು ಎಂದು ನೀವು ಬಾಯಿಬಿಟ್ಟು ಹೇಳಬಹುದು. ಆದರೆ ನಿಮ್ಮ ಯಜಮಾನರು ಕೈಗೆ ಕತ್ತಿ ಎತ್ತಿಕೊಂಡ ರಾತ್ರಿ, ಕತ್ತು ಹಿಡಿದ ರಾತ್ರಿ, ಲೈನಿನವರು ನೋಡುತ್ತಾರೆ ಎಂದು ಯೋಚಿಸುತ್ತಾ ಕೂರಬೇಡಿ. 112 ಮಾಡಿ, ಜೀಪು ಬರಲಿ. ಕತ್ತು ಹಿಸುಕುವುದನ್ನು ನಾನು ಬೇರೆ ಏಟುಗಳ ಜೊತೆ ಸೇರಿಸುವುದಿಲ್ಲ. ಒಮ್ಮೆ ಹಾಗೆ ಆಗಿದ್ದರೆ ಅದನ್ನು ಮುಚ್ಚಿಡದೆ ಫೋನಿನಲ್ಲಿ ಮೊದಲೇ ಹೇಳಿ, ವೈದ್ಯರಿಗೂ ತೋರಿಸಿ. ಹೊರಗೆ ಗಾಯ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು.

ನಿಮ್ಮ ತೋಟದಲ್ಲಿ ಸಿಗ್ನಲ್ ಹೇಗಿದೆಯೋ. ಮಲೆನಾಡಿನಲ್ಲಿ ಕಾಫಿ ಕಣದ ಮೂಲೆಯಲ್ಲೋ ದಿಬ್ಬದ ಮೇಲೋ ಮಾತ್ರ ಒಂದೆರಡು ಕಡ್ಡಿ ಬರುವ ತೋಟಗಳು ಎಷ್ಟೋ ಇವೆ. 112ಕ್ಕೆ ನಿಮ್ಮ ಕಂಪನಿಯ ಸಿಗ್ನಲ್ಲೇ ಬೇಕೆಂದಿಲ್ಲ, ಆ ಜಾಗದಲ್ಲಿ ಯಾವ ಕಂಪನಿಯದು ಸಿಕ್ಕರೂ ಕರೆ ಹೋಗುತ್ತದೆ. 14416 ಮತ್ತು 181ಕ್ಕೆ ಮಾತನಾಡುವುದಕ್ಕೆ ಸಮಾಧಾನವಾದ ಹೊತ್ತು, ಜಾಗ ಎರಡೂ ಬೇಕು. ಯಜಮಾನರು ಹಾಜರಿ ತೆಗೆದುಕೊಳ್ಳಲು ಹೋದ ಬೆಳಗಿನ ಹೊತ್ತು ಸರಿಯಾದೀತು. ನಂಬರನ್ನು ಹೆಸರು ಹಾಕಿ ಉಳಿಸಬೇಡಿ, ಬಾಯಿಪಾಠ ಮಾಡಿ. ಅವರು ನಿಮ್ಮ ಮೊಬೈಲ್ ನೋಡುವವರಾದರೆ ಮಾತು ಮುಗಿದ ಕೂಡಲೇ ಆ ಕರೆಯನ್ನು ಪಟ್ಟಿಯಿಂದ ಅಳಿಸಿ, ಇಲ್ಲವೇ ಆಶಾ ಕಾರ್ಯಕರ್ತೆಯ ಫೋನಿನಿಂದ ಮಾಡಿ.

ಮನೆಯ ಪ್ರಶ್ನೆಗೆ ಬರುತ್ತೇನೆ. ನನಗೆ ಇದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ, ಮತ್ತು ಇದಕ್ಕೇ ನಮ್ಮ ಕಡೆಯ ಹೆಂಗಸರು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ದೂರು ಎಂದರೆ ಜೈಲು ಎಂದೇ ಎಲ್ಲರ ತಲೆಯಲ್ಲಿ ಕೂತಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ದಾರಿ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಸಿಡಿಪಿಒ, ಅಂದರೆ ನಿಮ್ಮ ಅಂಗನವಾಡಿ ಟೀಚರ್ ವರದಿ ಒಪ್ಪಿಸುವ ಕಚೇರಿಯ ಅಧಿಕಾರಿ. ಮೂಡಿಗೆರೆಯಲ್ಲೇ ಸಿಗುತ್ತಾರೆ. ನಡೆದದ್ದನ್ನು ಅವರು ಒಂದು ನಮೂನೆಯಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟ್ ಮುಂದೆ ಇಡುತ್ತಾರೆ. ಅಲ್ಲಿ ನೀವು ಕೇಳಬಹುದಾದದ್ದು ಗಂಡನ ಬಂಧನವನ್ನಲ್ಲ: ಹೊಡೆಯಕೂಡದು ಎಂಬ ಆದೇಶ, ನಿಮ್ಮನ್ನು ಮನೆಯಿಂದ ಹೊರಗೆ ಹಾಕಕೂಡದು ಎಂಬ ಆದೇಶ, ಮಕ್ಕಳ ಮತ್ತು ನಿಮ್ಮ ಖರ್ಚಿಗೆ ಹಣ. ತೋಟದ ಮನೆ ಮಾಲೀಕರದ್ದಾದ್ದರಿಂದ ಅದು ಕೈತಪ್ಪುವ ಭಯ ನಿಮ್ಮದು. ಹಾಗಾದರೆ ಬೇರೆ ಕಡೆ ಅಂಥದ್ದೇ ಮನೆ ಮಾಡಿಕೊಡು ಅಥವಾ ಬಾಡಿಗೆ ಕಟ್ಟು ಎಂದು ಗಂಡನಿಗೆ ಹೇಳುವ ಅಧಿಕಾರವೂ ಅದೇ ಕಾಯ್ದೆಯಡಿ ನ್ಯಾಯಾಲಯಕ್ಕಿದೆ. ಕೊಟ್ಟ ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಆ ಕಾಯ್ದೆಯಡಿ ಅದು ಅಪರಾಧವಾಗುತ್ತದೆ, ಒಂದು ವರ್ಷದವರೆಗೆ ಜೈಲು. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ, ಅದರ ನಂಬರು 15100.

ಮನೆಯಲ್ಲಿ ಇರಲಾಗದ ದಿನ ಬಂದರೆ ಸಖಿ ಕೇಂದ್ರದಲ್ಲಿ ಮಕ್ಕಳೊಂದಿಗೆ ಕೆಲವು ದಿನ ಉಳಿಯಬಹುದು. ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ನೆರವು, ಕಾನೂನು ಸಲಹೆ ಒಂದೇ ಕಡೆ ಸಿಗಲಿ ಎಂದೇ ಮಾಡಿದ ಏರ್ಪಾಡು ಅದು. ಚಿಕ್ಕಮಗಳೂರಿಗೆ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ಟಿಗೆ ದುಡ್ಡು ಬೇಡ, ಆಧಾರ್ ತೋರಿಸಿದರೆ ಸಾಕು. ಈ ಸಣ್ಣ ವಿಷಯ ಎಷ್ಟು ದೊಡ್ಡದೆಂದು, ಬಸ್ ಚಾರ್ಜಿಗೆ ಗಂಡನ ಮುಂದೆ ಕೈಯೊಡ್ಡಿದವರಿಗೆ ಮಾತ್ರ ಗೊತ್ತು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ ಮತ್ತು ತಾಯಿ ಕಾರ್ಡನ್ನು ಒಂದು ಚೀಲದಲ್ಲಿ ಹಾಕಿ ನಂಬಿಗಸ್ತರ ಮನೆಯಲ್ಲಿಡಿ. ನಾನು ಆಪ್ತಸಮಾಲೋಚನೆಗೆ ಕೂರುತ್ತಿದ್ದ ಕಾಲದಲ್ಲಿ ಉಟ್ಟ ಸೀರೆಯಲ್ಲೇ ಬಂದ ಹೆಂಗಸರು, ಕಾಗದಗಳಿಗಾಗಿಯೇ ಅದೇ ಮನೆಯ ಬಾಗಿಲಿಗೆ ಮತ್ತೆ ಹೋಗಬೇಕಾಗಿ ಬಂದು ಏಟು ತಿಂದದ್ದನ್ನು ನೋಡಿದ್ದೇನೆ.

ಕುಡಿತದ ಬಗ್ಗೆ ಎರಡು ಮಾತು. ಭಾನುವಾರದ ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಶನಿವಾರದ ಏಟಿಗೆ ಅದು ಪರಿಹಾರವಲ್ಲ. ಅವರಿಗೆ ಬಿಡುವ ಮನಸ್ಸಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ದಿನಾ ಕುಡಿಯುವವರಾದರೆ ಮಾತ್ರ ದೇವರ ಮುಂದೆ ಆಣೆ ಮಾಡಿಸಿ ಒಂದೇ ದಿನಕ್ಕೆ ಬಿಡಿಸಬೇಡಿ. ಹಾಗೆ ದಿಢೀರನೆ ಬಿಟ್ಟಾಗ ಕೈನಡುಕದಿಂದ ಹಿಡಿದು ಫಿಟ್ಸ್, ಭ್ರಮೆಯವರೆಗೆ ಹೋಗಬಹುದು. ವೈದ್ಯರ ಕಣ್ಣೆದುರೇ ಬಿಡಬೇಕು. ನಿಮ್ಮ ನಿದ್ದೆಯ ವಿಷಯಕ್ಕೂ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕುಗಳಿಗೆ ಬರುವ ಏರ್ಪಾಡಿದೆ. ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ, ಮನೆಯಲ್ಲಿ ಮಗುವಿಗೆ ಕೆಮ್ಮು ಎಂದು ಹೇಳಿ ಹೊರಟರೂ ನಡೆಯುತ್ತದೆ. ಇಂಥ ಸುಳ್ಳಿಗೆ ನನ್ನ ಪೂರ್ಣ ಒಪ್ಪಿಗೆ ಇದೆ.

*

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ನನ್ನ ರೂಮ್‌ಮೇಟ್ ಎರಡು ವಿಷಯ ಫೇಲಾದಾಗಿನಿಂದ ಊಟ ಬಿಟ್ಟಿದ್ದಾನೆ, ತನ್ನ ಹೆಡ್‌ಫೋನು, ಕ್ರಿಕೆಟ್ ಬ್ಯಾಟು ಎಲ್ಲ ಬೇರೆಯವರಿಗೆ ಕೊಡುತ್ತಿದ್ದಾನೆ. ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ ನಾನೇ ಅದನ್ನು ತಲೆಗೆ ಹಾಕಿದಂತೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲಪ್ಪ. ಕೇಳು, ಇಂದೇ ಕೇಳು, ಸುತ್ತಿ ಬಳಸದೆ ಕೇಳು. ಇರುವ ಯೋಚನೆ ಹೊರಗೆ ಬರುತ್ತದೆ, ಅವನಿಗೆ ಎದೆ ಹಗುರಾಗುತ್ತದೆ. ಇಷ್ಟದ ವಸ್ತುಗಳನ್ನು ಹಂಚುವುದು ಕಡೆಗಣಿಸಬಹುದಾದ ಲಕ್ಷಣವಲ್ಲ. ಹೌದು ಎಂದರೆ ಅವನನ್ನು ಒಂಟಿಯಾಗಿ ಬಿಡಬೇಡ, ಪಕ್ಕದಲ್ಲಿ ಕೂತು 14416ಕ್ಕೆ ಹಚ್ಚು. ಅವನು ಒಪ್ಪದಿದ್ದರೆ ನೀನೇ ಮಾಡಿ ಅವನ ಬಗ್ಗೆ ಹೇಳಿ ಸಲಹೆ ಕೇಳಬಹುದು, ಅದಕ್ಕೂ ಅವರು ಉತ್ತರ ಕೊಡುತ್ತಾರೆ. ಬೆಳಗಾದರೆ ಹಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದುಕೊಂಡು ಹೋಗು. ಅಪಾಯ ಕಣ್ಣಿಗೆ ಕಾಣುತ್ತಿದ್ದರೆ ಬೆಳಗಿಗೂ ಕಾಯದೆ ತುರ್ತು ವಿಭಾಗಕ್ಕೇ ನಡೆ, ಇಲ್ಲವೇ 112 ಮಾಡು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡ. ಅವನ ಅಪ್ಪನೋ ಅಣ್ಣನೋ, ಬೈಯದೆ ಕೇಳುವ ಒಬ್ಬರಿಗೆ ತಿಳಿಸು. ಎರಡು ವಿಷಯ ಮುಂದಿನ ಸೆಮಿಸ್ಟರಿನಲ್ಲಿ ಬರೆಯಬಹುದು ಎಂಬ ಉಪದೇಶವನ್ನು ಮಾತ್ರ ಈಗ ಶುರುಮಾಡಬೇಡ, ಅದು ಅವನಿಗೂ ಗೊತ್ತಿದೆ.

*

ಪ್ರಶ್ನೆ: ಅರಸೀಕೆರೆ ತಾಲ್ಲೂಕು, ವಯಸ್ಸು ಎಪ್ಪತ್ತು ದಾಟಿದೆ. ತೆಂಗಿನ ತೋಟವನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಮಾತು ಕೇಳಬೇಕು, ಮೊನ್ನೆ ತಳ್ಳಿ ಬೀಳಿಸಿದ. ನನ್ನಂಥವನಿಗೂ ನಂಬರು ಇದೆಯೇ ತಾಯಿ?

ಉತ್ತರ: ಇದೆ ಯಜಮಾನರೇ. 14567, ಹಿರಿಯ ನಾಗರಿಕರ ಸಹಾಯವಾಣಿ, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಮತ್ತೆ ಕೈ ಮಾಡಿದರೆ 112. 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಹಾಸನದ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಜೀವನಾಂಶಕ್ಕೆ ಅರ್ಜಿ ಕೊಡಬಹುದು. ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಆರಂಭವಾಗುತ್ತದೆ. ದಾನಪತ್ರದ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತು ಅದರಲ್ಲಿ ಇದ್ದರೆ ದಾನವನ್ನೇ ರದ್ದು ಮಾಡಿಸುವ ದಾರಿ ಸುಲಭ. ಇಲ್ಲದಿದ್ದರೆ ಕಷ್ಟ, ಆಗ 15100ಕ್ಕೆ ಮಾಡಿ ವಕೀಲರ ನೆರವು ಕೇಳಿ. ಇನ್ನೂ ಬರೆದುಕೊಡದ ಓದುಗರು ಆ ಒಂದು ಸಾಲನ್ನು ಬರೆಸದೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಬೇಡಿ.

*

ಪ್ರಶ್ನೆ: ಅಂತರ್ಜಾಲದಲ್ಲಿ ಹುಡುಕಿದಾಗ ಸಿಕ್ಕ "ಮಾನಸಿಕ ಸಹಾಯವಾಣಿ"ಗೆ ಫೋನ್ ಮಾಡಿದೆ. ಮೊದಲು ನೋಂದಣಿ ಶುಲ್ಕ ಕಳಿಸಿ, ಒಟಿಪಿ ಹೇಳಿ ಎಂದರು. ಹೆದರಿ ಇಟ್ಟುಬಿಟ್ಟೆ.

ಉತ್ತರ: ಒಳ್ಳೆಯ ಕೆಲಸ ಮಾಡಿದಿರಿ. ಮೇಲೆ ಹೇಳಿದ ಯಾವ ಸರ್ಕಾರಿ ನಂಬರಿನಲ್ಲೂ ಶುಲ್ಕವಿಲ್ಲ, ಒಟಿಪಿ ಕೇಳುವುದಿಲ್ಲ. ಅಕಸ್ಮಾತ್ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ. ಆಮೇಲೆ, ಯಾವ ಸಂಕಟಕ್ಕಾಗಿ ಆ ಮೊದಲ ಕರೆ ಮಾಡಿದ್ದಿರೋ ಅದು ಇನ್ನೂ ಹಾಗೆಯೇ ಇದೆಯಲ್ಲ. ಅದಕ್ಕೆ 14416 ಮಾಡಿ.