ಲಘುಗಣಕದ ಮಾಸಿದ ಪುಟಗಳು

ಓದುಗ ಮಿತ್ರರೇ,

ಇಪ್ಪತ್ತೆರಡು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದರೂ ಸೈನ್ ತೀಟಾ ಎಂಬ ತ್ರಿಕೋನಮಿತಿಯ ಪಾಠ ಒಮ್ಮೆಯೂ ನಿಮ್ಮ ಮೇಜಿನ ಬಳಿ ಸುಳಿಯಲಿಲ್ಲ, ಅನುಕಲನವಂತೂ ಪರೀಕ್ಷೆಯ ಕೊಠಡಿಯಿಂದ ಆಚೆ ಬರಲೇ ಇಲ್ಲ ಎಂದು ಬರೆದಿದ್ದೀರಿ. ಕೂಡುವುದು, ಕಳೆಯುವುದು, ಶೇಕಡಾವಾರು ತಿಳಿದರೆ ಬದುಕಿಗೆ ಸಾಕು, ಉಳಿದದ್ದನ್ನು ಬೇಕಾದವರು ಮಾತ್ರ ಕಲಿಯಲಿ, ಮಗಳು ರಾತ್ರಿ ಹನ್ನೊಂದರವರೆಗೆ ಲಘುಗಣಕದೊಡನೆ (ಲಾಗರಿದಮ್) ಗುದ್ದಾಡುವುದನ್ನು ನೋಡಲಾಗುತ್ತಿಲ್ಲ ಎಂಬುದು ನಿಮ್ಮ ಅಳಲು. ಪತ್ರ ಸೊಗಸಾಗಿದೆ. ಇಷ್ಟು ಒಪ್ಪವಾಗಿ ವಾದ ಕಟ್ಟುವುದನ್ನು ರೇಖಾಗಣಿತದ ತರಗತಿಯಲ್ಲಿ ಕಲಿತಿರಬಹುದೇ ಎಂಬ ಅನುಮಾನ ನನಗಿದೆ. ನೀವು ಒಪ್ಪಲಾರಿರಿ, ಇರಲಿ.

ಮೂರು ಲೋಕದ ಚರಾಚರಗಳಲ್ಲಿ ಗಣಿತವನ್ನು ಬಿಟ್ಟು ಯಾವ ವಸ್ತುವೂ ಇಲ್ಲವೆಂದ 9ನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯರ ಮಾತನ್ನು ಹೇಳಿ ನಿಮ್ಮ ಬಾಯಿ ಮುಚ್ಚಿಸುವ ಇಚ್ಛೆ ನನಗಿಲ್ಲ. ನಿಮ್ಮ ಪರವಾಗಿ ಹೇಳಬಹುದಾದದ್ದೂ ಇದೆ. ಗಣಿತ ಕಲಿತರೆ ಬುದ್ಧಿ ಎಲ್ಲ ಕಡೆಗೂ ಚುರುಕಾಗುತ್ತದೆ ಎಂಬ ಹಳೆಯ ನಂಬಿಕೆಗೆ 1901ರಲ್ಲೇ ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಪೆಟ್ಟು ಕೊಟ್ಟಿದ್ದರು. ಆಯತಗಳ ವಿಸ್ತೀರ್ಣವನ್ನು ಕಣ್ಣಂದಾಜಿನಲ್ಲಿ ಹೇಳಲು ಪಳಗಿದವರು ಬೇರೆ ಆಕಾರಗಳ ಮುಂದೆ ಅಷ್ಟೇನೂ ಮೇಲಾಗಲಿಲ್ಲ. ಇಷ್ಟನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಏಕೆಂದರೆ ಪತ್ರದ ಕೊನೆಯಲ್ಲಿ, ಬೇರೆ ವಿಷಯವೆಂಬಂತೆ, ಇನ್ನೊಂದು ದೂರು ಸೇರಿಸಿದ್ದೀರಿ: ‘ಹಣದುಬ್ಬರ ಇಳಿದಿದೆ ಎಂದು ಹಿಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೀರಿ. ಒಂದು ವಸ್ತುವಿನ ಬೆಲೆಯೂ ಇಳಿದಿಲ್ಲ. ಇದು ಹಸಿ ಸುಳ್ಳು.’ ಸ್ವಾಮಿ, ಅದು ಸುಳ್ಳಲ್ಲ, ಅವಕಲನ, ಅಂದರೆ ಬದಲಾವಣೆಯ ವೇಗದ ಲೆಕ್ಕ. ಬೆಲೆ ಬೇರೆ, ಬೆಲೆ ಏರುವ ವೇಗ ಬೇರೆ. 100 ಇದ್ದದ್ದು ಶೇ 8ರಷ್ಟು ಏರಿ 108 ಆಗುತ್ತದೆ, ಮರುವರ್ಷ ಶೇ 5ರಷ್ಟೇ ಏರಿದರೂ 113.40ಕ್ಕೆ ಮುಟ್ಟುತ್ತದೆ, ಹಣದುಬ್ಬರ ಇಳಿಯಿತು, ಬೆಲೆ ಏರಿತು, ಎರಡೂ ನಿಜ. 1972ರ ಚುನಾವಣೆಯ ಹೊತ್ತಿಗೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಇನ್ನೂ ಒಂದು ಮೆಟ್ಟಿಲು ಹತ್ತಿ, ಹಣದುಬ್ಬರ ಹೆಚ್ಚುತ್ತಿರುವ ವೇಗ ಕಡಿಮೆಯಾಗುತ್ತಿದೆ ಎಂದರು. ಮರುಚುನಾವಣೆಗಾಗಿ ಮೂರನೆಯ ಅವಕಲನವನ್ನು (ಬೆಲೆಯ ವೇಗದ ವೇಗದ ವೇಗವನ್ನು) ಬಳಸಿಕೊಂಡ ಮೊದಲ ಅಧ್ಯಕ್ಷ ಇವರೇ ಎಂದು ಹ್ಯೂಗೊ ರೋಸಿ ಎಂಬ ಗಣಿತಜ್ಞರು ಆಮೇಲೆ ಚುಚ್ಚಿದರು. ಇಂಥ ಮಾತು ಕಿವಿಗೆ ಬಿದ್ದಾಗ ಕೈ ತಟ್ಟಬೇಕೋ ನಗಬೇಕೋ ಎಂದು ತಿಳಿಯಲು ಸೂತ್ರಗಳು ನೆನಪಿರಬೇಕಾಗಿಲ್ಲ, ಆದರೆ ಅವುಗಳ ಹಿಂದಿನ ವಿಚಾರ ಒಮ್ಮೆಯಾದರೂ ತಲೆಯೊಳಗೆ ಹಾದುಹೋಗಿರಬೇಕು.

ಮಗಳ ಲಘುಗಣಕಕ್ಕೆ ಬರುತ್ತೇನೆ. ನಾನು ಓದುವಾಗ, ಗುಣಾಕಾರವನ್ನು ಕೂಡುವುದಕ್ಕೆ ಇಳಿಸುವ ಲಘುಗಣಕದ ಕೋಷ್ಟಕವೆಂಬ ತೆಳ್ಳನೆಯ ಪುಸ್ತಕ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ದಾಟಿ ಬರುತ್ತಿತ್ತು. ಅದರ ಮೊದಲ ಪುಟಗಳು ಬೆರಳಿನ ಕೊಳೆಗೆ ಕಪ್ಪಾಗಿ ಅಂಚು ಹರಿದಿದ್ದವು. ಕೊನೆಯ ಪುಟಗಳು ಮಾತ್ರ ಅಚ್ಚಿನ ಮನೆಯಿಂದ ಆಗಷ್ಟೇ ಬಂದಂತಿದ್ದವು. ಹೀಗೇಕೆಂದು ಕೇಳಿದ್ದಕ್ಕೆ ಮೇಷ್ಟ್ರು ‘ಮೊದಲು ತೆರೆಯುವುದು ಅದೇ ಪುಟ ತಾನೆ, ಕೂತುಕೋ’ ಎಂದರು. ಕೂತುಕೊಂಡೆ. ಇದೇ ಪ್ರಶ್ನೆಯನ್ನು ಸೈಮನ್ ನ್ಯೂಕಮ್ ಎಂಬ ಖಗೋಳಜ್ಞ 1881ರಲ್ಲೇ ಕೇಳಿದ್ದರು, ಅವರು ಸುಮ್ಮನೆ ಕೂತುಕೊಳ್ಳಲಿಲ್ಲ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಕೋಷ್ಟಕದ ಮೊದಲ ಪುಟಗಳಲ್ಲಿರುವುದು 1ರಿಂದ ಆರಂಭವಾಗುವ ಸಂಖ್ಯೆಗಳು. ಲೋಕದಲ್ಲಿ ಎದುರಾಗುವ ಸಂಖ್ಯೆಗಳಲ್ಲಿ 1ರಿಂದ ಆರಂಭವಾಗುವವು ಸುಮಾರು ಶೇ 30, 9ರಿಂದ ಆರಂಭವಾಗುವವು ಶೇ 5ಕ್ಕೂ ಕಡಿಮೆ. 1938ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಬೆನ್‌ಫೋರ್ಡ್ ಸಾವಿರಾರು ಅಂಕಿಗಳನ್ನು ಕಲೆಹಾಕಿ ತೋರಿಸಿದ ಮೇಲೆ ಈ ನಿಯಮ ಅವರ ಹೆಸರಿನಲ್ಲೇ ನಿಂತಿತು. ವರ್ಷಕ್ಕೆ ಶೇ 10ರಂತೆ ಬೆಳೆಯುವ ಮೊತ್ತವೊಂದು 100ರಿಂದ 200ಕ್ಕೆ ಹೋಗಲು ಏಳು ವರ್ಷಕ್ಕಿಂತ ಹೆಚ್ಚು ಬೇಕು. 900ರಿಂದ ಸಾವಿರಕ್ಕೆ ಒಂದು ವರ್ಷ ಚಿಲ್ಲರೆ ಸಾಕು. ಅಂದರೆ ಆ ಮೊತ್ತ 1ರ ಮನೆಯಲ್ಲೇ ಬಹುಕಾಲ ಬಿಡಾರ ಹೂಡಿರುತ್ತದೆ. 10ರ ಆಧಾರದಲ್ಲಿ 2ರ ಲಘುಗಣಕ 0.301, ಅಂದರೆ 1ರಿಂದ 10ಕ್ಕೆ ಬೆಳೆಯುವ ಹೊತ್ತಿನಲ್ಲಿ 1ರಿಂದ 2ಕ್ಕೆ ತಗಲುವ ಪಾಲು ಇಷ್ಟು; ಶೇ 30 ಎಲ್ಲಿಂದ ಬಂತೆಂದು ಈಗ ಹೇಳಬೇಕಾಗಿಲ್ಲ. ಎಲ್ಲ ಬಗೆಯ ಅಂಕಿಗಳಿಗೆ ಈ ನಿಯಮ ಸಲ್ಲುವುದಿಲ್ಲವಾದರೂ, ಕಲ್ಪಿಸಿ ಬರೆದ ಖರ್ಚುಗಳನ್ನು ಅನುಮಾನಿಸಲು ಲೆಕ್ಕ ತಪಾಸಣೆ ಮಾಡುವವರು ಇದನ್ನು ಬಳಸುತ್ತಾರೆ. ನಿಮ್ಮದೇ ವಿಭಾಗ, ಮಿತ್ರರೇ.

ಹಾಗಾದರೆ ನಿಮ್ಮ ಸಿಟ್ಟು ತಪ್ಪೇ? ಸಿಟ್ಟು ಸರಿ, ಅದು ತಿರುಗಿರುವ ದಿಕ್ಕು ಮಾತ್ರ ತಪ್ಪು. ‘ಇದು ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ’ ಎಂಬುದಕ್ಕಿಂತ ಹೆಚ್ಚಿನ ಕಾರಣವನ್ನು ಹೇಳದೆ ಸೂತ್ರಗಳನ್ನು ಬಾಯಿಪಾಠ ಮಾಡಿಸಿ, ಆಮೇಲೆ ‘ಉಪಯೋಗವಾಯಿತೇ’ ಎಂದು ಕೇಳುವುದು, ಈಜನ್ನು ಕರಿಹಲಗೆಯ ಮೇಲೆ ಕಲಿಸಿ ನೀರು ನಿರುಪಯೋಗಿ ಎಂದಂತೆ. ಹೀಗೆ ಕಲಿತು ಬಂದವರು ಬರೆದ ಲೇಖನಗಳು ಪ್ರತಿದಿನ ನನ್ನ ಮೇಜಿಗೆ ಬರುತ್ತವೆ. ಪ್ರತಿ ಹಂತದಲ್ಲೂ ಒಂದೇ ಪಟ್ಟಿನಲ್ಲಿ ಬೆಳೆಯುವುದನ್ನು ಸೂಚಿಸುವ ‘ಘಾತೀಯ’ ಎಂಬ ಪದ ಅವುಗಳಲ್ಲಿ ‘ತುಂಬಾ’ ಎಂಬರ್ಥಕ್ಕೆ ಇಳಿದಿದೆ. ಶೇ 50 ಕುಸಿದು ಶೇ 50 ಏರಿದ ಆದಾಯ ‘ಮೊದಲಿನ ಸ್ಥಿತಿಗೆ ಮರಳಿತು’ ಎಂದು ಬರೆದ ಲೇಖಕರೊಬ್ಬರಿಗೆ, 100 ಇದ್ದದ್ದು 75ರಲ್ಲೇ ನಿಂತಿದೆಯೆಂದು ಫೋನಿನಲ್ಲಿ ಒಪ್ಪಿಸುವಷ್ಟರಲ್ಲಿ ಪುಟ ಅಚ್ಚಿಗೆ ಹೋಗುವ ಹೊತ್ತಾಗಿತ್ತು. ‘ನಾನು ಸಾಹಿತ್ಯದವನು’ ಎಂದರು. ಸಾಹಿತ್ಯವೇನು ತಪ್ಪು ಮಾಡಿತ್ತೋ!

ಈ ವಾರ ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಳೆದ ವರ್ಷದ ನಿಮ್ಮ ಖರ್ಚಿನ ಪುಸ್ತಕದಲ್ಲಿರುವ ಮೊತ್ತಗಳ ಮೊದಲ ಅಂಕಿಗಳನ್ನಷ್ಟೇ ಇಬ್ಬರೂ ಎಣಿಸಿ. 1 ಎಷ್ಟು ಸಲ ಬಂತು, 9 ಎಷ್ಟು ಸಲ ಬಂತು ಎಂದು ಬರೆದು ಕಳಿಸಿ. ಲೆಕ್ಕ ನನ್ನ ಮಾತಿಗೆ ವಿರುದ್ಧವಾಗಿ ಬಂದರೂ ಮುಂದಿನ ಸಂಚಿಕೆಯಲ್ಲಿ ಹಾಗೆಯೇ ಪ್ರಕಟಿಸುತ್ತೇನೆ.

— ಸಂಪಾದಕ